ಫಾರಿನ್ ಮಾಸ್ತರರ ಇಮಾಮ್ ಜಾಮಿನ್

ಚಿತ್ತಾಪುರದಲ್ಲಿ ಇಳಿದು ಅಮೀರ್ ಅಲಿ ಮಾಸ್ತರರ ಮನೆ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಫಾರಿನ್ ಮಾಸ್ತರರ ಮನೆ ಎಂದು ಕೇಳಬೇಕು. ಆಗ ಕೈಯಲ್ಲಿನ ಚಹಾ ಕೆಳಗಿಟ್ಟು ಬಂದು ಬಾಗಿಲ ತನಕ ಬಿಟ್ಟು ಹೋಗುತ್ತಾರೆ. ಮಾಸ್ತರರು ಪರದೇಶದಲ್ಲಿ ಓದಿ ಬಂದವರಿರಬೇಕು ಎಂದು ಹೊಸಬರು ತಿಳಿದರೆ ಅದು ಅವರ ತಪ್ಪಲ್ಲ. ಮಾಸ್ತರರು ಹೋದದ್ದು ಮದ್ರಾಸಿನ ತನಕ. ಅಲ್ಲಿಂದ ಮುಂದೆ ಸಮುದ್ರವಿತ್ತು. ಸಮುದ್ರಕ್ಕಿಂತ ಮೊದಲು ಒಂದು ಗಾಜಿನ ಕಿಟಕಿ ಇತ್ತು.

ಅವರ ತಂದೆ ಅಬ್ದುಲ್ ಮಜೀದ ಸ್ಟೇಷನ್ನಿನಿಂದ ಊರಿಗೆ ಟಾಂಗಾ ಹೊಡೆಯುತ್ತಿದ್ದ. ಮಗ ಅಮೀರ್ ಅಲಿಗೆ ಚಿಕ್ಕಂದಿನಿಂದ ಒಂದೇ ಹುಚ್ಚು: ಕಲ್ಲು. ಶಹಾಬಾದದ ಕಲ್ಲು ಯಾಕೆ ಪದರುಪದರಾಗಿ ಏಳುತ್ತದೆ, ಯಾರು ಹಾಸಿಟ್ಟರು, ಎಷ್ಟು ಕಾಲದ ಹಿಂದೆ. ನಮ್ಮ ಊರಲ್ಲಿ ಎಲ್ಲರ ಮನೆಯ ನೆಲವೂ ಅದೇ ಕಲ್ಲು. ತುಳಿದವರು ಬಹಳ, ಕೇಳಿದವನು ಇವನೊಬ್ಬ. ಗುಲಬರ್ಗಾದ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಓದಿ ಮೊದಲ ದರ್ಜೆಯಲ್ಲಿ ಪಾಸಾದ. ಅವನ ಪ್ರೊಫೆಸರರು ಪರದೇಶದ ಒಂದು ಯೂನಿವರ್ಸಿಟಿಗೆ ಬರೆಸಿದರು. ಅವರು ಬಾ ಎಂದರು. ಫೀಸು ನಮ್ಮದು, ಊಟ ನಮ್ಮದು, ಇಲ್ಲಿನ ಕಲ್ಲೂ ನೋಡು ಎಂದರು. ಮೈಸೂರು ರಾಜ್ಯದ ಹೆಸರು ಕರ್ನಾಟಕ ಆಗುವುದಕ್ಕೆ ಸ್ವಲ್ಪ ಮೊದಲಿನ ಮಾತು. ಆ ದೇಶದ ಹೆಸರು ಇಲ್ಲಿ ಬೇಡ. ದೊಡ್ಡ ದೇಶ. ಅವರಿಗೂ ನಮ್ಮ ಚಿತ್ತಾಪುರದ ಹೆಸರು ಬಾಯಲ್ಲಿ ಹೊರಳಲಿಲ್ಲ, ಅಲ್ಲಿಗೆ ಲೆಕ್ಕ ಸರಿಹೋಯಿತು.

ಇನ್ನು ಬೇಕಾದದ್ದು ವೀಸಾ ಎಂಬುದೊಂದು. ಅದೇನೆಂದು ಊರಲ್ಲಿ ಬಲ್ಲವರು ಒಬ್ಬರೇ, ಅರಿವೆ ಅಂಗಡಿಯ ಹಾಜಿಸಾಬರು. ಮುಂಬಯಿಯಿಂದ ಹಡಗು ಹತ್ತಿ ಹಜ್ಜಿಗೆ ಹೋಗಿ ಬಂದವರು. ಸಮುದ್ರದಾಚೆಯ ಯಾವ ವಿಷಯಕ್ಕೂ, ಅದು ಚಳಿಯಿರಲಿ, ಚಮಚವಿರಲಿ, ಅವರ ಮಾತೇ ಕಡೆಯದು. ಅವರು ಅಮೀರ್ ಅಲಿಯನ್ನು ಗಾದಿಯ ಮೇಲೆ ಕೂಡಿಸಿಕೊಂಡು ತಾಲೀಮು ಕೊಟ್ಟರು.

"ಬೇಟಾ, ಅಲ್ಲಿ ಕೇಳೋದು ಒಂದೇ ಮಾತು. ನಿನ್ನವರು ಯಾರದಾರ ಅಂತ. ಯಾರೂ ಇಲ್ಲ ಅಂದಿ, ಮುಗೀತು. ದಿಕ್ಕಿಲ್ಲದವನ್ನ ಯಾರು ಮನಿಯೊಳಗ ಬಿಟ್ಕೋತಾರ?"

"ನನಗ ಅಲ್ಲಿ ಯಾರದಾರ್ರಿ ಹಾಜಿಸಾಬ್?"

"ಯಾಕ, ಸಿರಾಜುದ್ದೀನ ಇಂಜಿನಿಯರ್ ಇಲ್ಲೇನು? ನಿಮ್ಮಪ್ಪನ ಟಾಂಗಾದಾಗ ಕುಂತವರು."

ಹಾಜಿಸಾಬರನ್ನು ನೋಡಿ ನಗುವುದು ಸುಲಭ. ಆದರೆ ನಮ್ಮ ಕಡೆ ಬದುಕು ನಡೆಯುವುದೇ ಹಾಗೆ. ಸೇಡಂನಲ್ಲಿ ನೀರು ಕೇಳಿದರೂ ತಂಬಿಗೆ ಕೊಡುವ ಮೊದಲು "ಯಾರ ಪೈಕಿ ರಿ ನೀವು" ಎನ್ನುತ್ತಾರೆ. ಯಾರದಾದರೂ ಪೈಕಿ ಆದರೆ ನೀರಿನ ಜೊತೆ ಬೆಲ್ಲವೂ ಬರುತ್ತದೆ. ಅಮೀರ್ ಅಲಿಗೆ ಗುಲಬರ್ಗಾದಲ್ಲಿ ಖೋಲಿ ಸಿಕ್ಕಿದ್ದು, ನಮ್ಮ ಊರ ಕೋರ್ಟಿನ ಎದುರಿನ ಹೋಟೆಲಿನ ಜಗದೇವಪ್ಪನ ಅಳಿಯನ ಪೈಕಿ ಎಂದು ಹೇಳಿಯೇ. ಅವನು ಮುಸಲ್ಮಾನ, ಜಗದೇವಪ್ಪ ಲಿಂಗಾಯತ. ಮನೆಯ ಮಾಲಕ ಅದನ್ನು ಕೇಳಲಿಲ್ಲ. ಪೈಕಿ ಎಂದಮೇಲೆ ಪೈಕಿ.

ಸಿರಾಜುದ್ದೀನ ಇಂಜಿನಿಯರ್ ಶಹಾಬಾದದ ಒಂದು ಕಾರಖಾನೆಯಲ್ಲಿದ್ದವರು. ಹೆಂಡತಿಯ ತವರು ಚಿತ್ತಾಪುರ. ವಾರಕ್ಕೊಮ್ಮೆ ರೈಲಿಳಿದು ಮಜೀದನ ಟಾಂಗಾವನ್ನೇ ಹತ್ತುತ್ತಿದ್ದರು. ಅದೇ ದೊಡ್ಡ ದೇಶಕ್ಕೆ ಕೆಲಸಕ್ಕೆ ಹೊರಟ ದಿನ ಮಜೀದನ ಎರಡೂ ಕೈ ಹಿಡಿದು, "ನೀ ನನಗ ಅಣ್ಣ ಇದ್ದಂಗ" ಎಂದಿದ್ದರು. ಮಜೀದ ಆ ಮಾತನ್ನು ಇಟ್ಟುಕೊಂಡಿದ್ದ. ಅಣ್ಣ ಇದ್ದಂಗ ಎಂದರೆ ಅಣ್ಣ. ಅಣ್ಣನ ಮಗನಿಗೆ ಅವರು ಚಾಚಾ, ಚಿಕ್ಕಪ್ಪ. ಯಾರೂ ಸುಳ್ಳು ಹೇಳಲಿಲ್ಲ.

ಮದ್ರಾಸಿಗೆ ಹೊರಟ ದಿನ ಸ್ಟೇಷನ್ನಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ವೀಸಾ ಕೇಳಲು ಹೋಗುವುದಕ್ಕೂ ವಿಮಾನ ಹತ್ತುವುದಕ್ಕೂ ಫರಕು ಮಾಡುವಷ್ಟು ಪುರುಸೊತ್ತು ಊರಿಗಿರಲಿಲ್ಲ. ಜಗದೇವಪ್ಪ ಹಾರ ಹಾಕಿ ಭಾಷಣಕ್ಕೆ ನಿಂತ.

"ಕಾಕಾ, ಇದು ಬರೇ ಕೇಳಿ ಬರೋದ್ರಿ" ಎಂದ ಅಮೀರ್ ಅಲಿ, ಹಾರದೊಳಗಿಂದ.

"ಕೇಳಿದ್ರ ಇಲ್ಲ ಅಂತಾರೇನು? ಮನಿಗೆ ಬಂದವರಿಗೆ ನಾವು ಎಂದರ ಇಲ್ಲ ಅಂದೀವೇನು?"

ತಾಯಿ ರಶೀದಾಬೇಗಂ ಮುಂದೆ ಬಂದಳು. ಹಸಿರು ಅರಿವೆಯಲ್ಲಿ ಒಂದು ರೂಪಾಯಿ ಸುತ್ತಿ ಮಗನ ಬಲ ರಟ್ಟೆಗೆ ಕಟ್ಟಿದಳು. ಇಮಾಮ್ ಜಾಮಿನ್. ದೂರ ಹೊರಟವರಿಗೆ ಕಟ್ಟುವುದು. ದಾರಿಗೆ ಇಮಾಮರು ಜಾಮೀನು; ಮುಟ್ಟಬೇಕಾದ ಊರು ಸುಖವಾಗಿ ಮುಟ್ಟಿದ ಮೇಲೆ ಬಿಚ್ಚಿ ಅಲ್ಲಿನ ಬಡವನಿಗೆ ಕೊಡಬೇಕು. "ಆ ದೇಶದಾಗ ಬಡವರದಾರೋ ಇಲ್ಲೋ" ಎಂದು ಯಾರೋ ಅಂದರು. "ಹುಡುಕಿ ಕೊಡ್ತಾನ" ಎಂದಳು ತಾಯಿ.

ಅಮೀರ್ ಅಲಿ ಎಲ್ಲರಂತೆ "ಹೋಗಿ ಬರ್ತೀನಿ" ಎಂದ. ಹೋಗುತ್ತೇನೆ ಎಂದಷ್ಟೇ ಹೇಳಿ ಹೊಸಿಲು ದಾಟಿದವನನ್ನು ನಮ್ಮ ಕಡೆ ಕರೆದು ಬೈಯುತ್ತಾರೆ.

ಗಾಜಿನ ಕಿಟಕಿಯ ಹಿಂದಿನ ಅಧಿಕಾರಿ ಒಳ್ಳೆಯವನೇ ಇದ್ದ. ಗುಡ್ ಮಾರ್ನಿಂಗ್ ಎಂದ. ಮಾರ್ಕ್ಸು ನೋಡಿ ಹುಬ್ಬೇರಿಸಿದ. ಆಮೇಲೆ ಹಾಜಿಸಾಬರು ಹೇಳಿದ ಪ್ರಶ್ನೆಯನ್ನೇ ಕೇಳಿದ.

"ನಮ್ಮ ದೇಶದಲ್ಲಿ ನಿಮಗೆ ಸಂಬಂಧಿಕರು ಇದ್ದಾರೆಯೇ?"

ಅಮೀರ್ ಅಲಿಗೆ ಹಾಜಿಸಾಬರ ಮೇಲೆ ಭಕ್ತಿ ಉಕ್ಕಿತು. "ಇದ್ದಾರೆ ಸರ್. ನನ್ನ ಚಾಚಾ."

"ಅವರು ಅಲ್ಲೇ ನೆಲೆಸಿದ್ದಾರೋ?"

"ಚೆನ್ನಾಗಿ ನೆಲೆಸಿದ್ದಾರೆ ಸರ್. ಸ್ವಂತ ಮನೆ ಇದೆ. ನನ್ನಿಂದ ನಿಮಗೆ ಯಾವ ತೊಂದರೆಯೂ ಆಗುವುದಿಲ್ಲ. ಎಷ್ಟು ದಿನವಾದರೂ ಇಟ್ಟುಕೊಳ್ಳುತ್ತಾರೆ."

ಅಧಿಕಾರಿ ಬರೆಯುತ್ತಿದ್ದ. ಅವನು ಬರೆದಷ್ಟೂ ಅಮೀರ್ ಅಲಿಗೆ ಹುರುಪು ಬಂತು. ಕೆಲಸ ಸಹ ಕೊಡಿಸಬಲ್ಲರು ಎಂದ. ಬಹಳ ದೊಡ್ಡ ಮನಸ್ಸಿನವರು ಎಂದ. ಬರೆಯುವುದು ನಿಂತ ಮೇಲೆ ಅಧಿಕಾರಿ ಮೆತ್ತಗೆ ಕೇಳಿದ: "ಅಲ್ಲಿ ನಿಮಗೆ ಎಲ್ಲವೂ ಇದೆ. ತಿರುಗಿ ಬರಲು ಇಲ್ಲಿ ಏನಿದೆ?"

ಈ ಪ್ರಶ್ನೆಗೆ ತಾಲೀಮು ಆಗಿರಲಿಲ್ಲ. ಅಮ್ಮ ಇದ್ದಳು. ಅಬ್ಬಾ ಇದ್ದ. ಕುದುರೆ ಇತ್ತು. ಇವುಗಳಲ್ಲಿ ಯಾವುದನ್ನು ಹೇಳಬೇಕೆಂದು ತಿಳಿಯದೆ, "ಮನೆ ಇದೆ ಸರ್" ಎಂದ.

"ನಿಮ್ಮದೇ?"

"ಬಾಡಿಗೆಯದು."

ಓದಲು ಹೋಗುವವನು ಓದು ಮುಗಿಸಿ ಬರುತ್ತಾನೆ ಎಂದು ಪುರಾವೆ ಕೊಡಬೇಕು, ಅದು ಕಾನೂನು, ನೀವು ಕೊಟ್ಟಿಲ್ಲ, ಎಂದ ಅಧಿಕಾರಿ. ಪಾಸ್‌ಪೋರ್ಟಿನ ಕಡೆಯ ಹಾಳೆಗೆ ಒಂದು ಮುದ್ರೆ ಹೊಡೆದು ಗಾಜಿನ ಕೆಳಗಿನ ಕಿಂಡಿಯಿಂದ ದೂಡಿದ. ಅರ್ಜಿ ಬಂದಿತ್ತು ಎಂಬುದಕ್ಕಷ್ಟೇ ಆ ಮುದ್ರೆ; ವೀಸಾ ಸಿಗಲಿಲ್ಲ.

ತಿರುಗಿ ಬರುವಾಗ ಅಮೀರ್ ಅಲಿ ವಾಡಿ ಜಂಕ್ಷನ್ನಿನಲ್ಲಿ ಇಳಿದು ಚಿತ್ತಾಪುರದ ಗಾಡಿಗಳನ್ನು ಒಂದಾದಮೇಲೊಂದು ಬಿಟ್ಟ. ಹಾರ ಹಾಕಿದವರ ಎದುರು ಇಳಿಯುವ ಧೈರ್ಯ ಬರಬೇಕಿತ್ತು. ಬರಲಿಲ್ಲ, ಹಸಿವೆ ಬಂತು; ಹಸಿವೆ ಅವನನ್ನು ಗಾಡಿ ಹತ್ತಿಸಿತು.

"ಇಷ್ಟು ಲಗೂ ಓದಿ ಬಂದ್ಯಾ?" ಎಂದ ಜಗದೇವಪ್ಪ. ಅವತ್ತಿನಿಂದ ಅವನ ಹೆಸರು ಫಾರಿನ್.

ಹಾಜಿಸಾಬರು ಪಾಸ್‌ಪೋರ್ಟು ತರಿಸಿ ಕನ್ನಡಕ ಹಾಕಿಕೊಂಡು ತಿರುವಿದರು. "ಮುದ್ರಿ ಬಿದ್ದದಲ್ಲ, ಮತ್ತೇನು? ಸುಮ್ ಸುಮ್ಮನೆ ಯಾರರ ಮುದ್ರಿ ಹೊಡೀತಾರ?" ಮುದ್ರೆಯ ಅರ್ಥ ತಿಳಿಸಿ ಹೇಳಿದಾಗ ಅವರು ಅರಿವೆ ಅಳೆಯುವ ಗಜಕೋಲನ್ನು ಬದಿಗಿಟ್ಟರು. ಆಮೇಲೆ ಹೊಸ ಸಲಹೆ ಕೊಟ್ಟರು. ಸಲಹೆ ಕೊಡುವವರಿಗೆ ಅಪಜಯವೆಂಬುದಿಲ್ಲ.

"ಚಾಚಾನಿಂದ ಕೆಟ್ಟಿತಲ್ಲ? ಚಾಚಾನ್ನ ತಗದುಬಿಡು."

ರಟ್ಟೆಯ ಗಂಟಿನ ವಿಷಯಕ್ಕೂ ಅವರೇ ತೀರ್ಪು ಕೊಟ್ಟರು. ಮುಟ್ಟಿದ ಮೇಲೆ ಕೊಡಬೇಕು, ಮುಟ್ಟಿಲ್ಲ, ಹಾಗೇ ಇಡು. ತಾಯಿ ಅದನ್ನು ಬಿಚ್ಚಿ ಗಂಟು ಸಮೇತ ಟ್ರಂಕಿನಲ್ಲಿಟ್ಟಳು.

ಯೂನಿವರ್ಸಿಟಿ ಒಂದು ವರ್ಷ ಜಾಗ ಹಿಡಿದಿಡುತ್ತೇವೆ ಎಂದಿತ್ತು. ಆ ವರ್ಷದಲ್ಲಿ ಮಜೀದ ಚಿತ್ತಾಪುರದ ಕೋರ್ಟಿಗೆ ಹೋಗಿ ಪ್ರಮಾಣಪತ್ರ ಬರೆಸಬೇಕಾಯಿತು. ವಕೀಲರು ಓದಿದರು: ಸಿರಾಜುದ್ದೀನ ಎಂಬುವವರು ನನಗೆ ಅಣ್ಣನೂ ಅಲ್ಲ, ತಮ್ಮನೂ ಅಲ್ಲ, ಯಾವ ರೀತಿಯ ಸಂಬಂಧವೂ ಇರುವುದಿಲ್ಲ.

ಮಜೀದ ಚಾಟಿಯನ್ನು ಕಂಕುಳಲ್ಲಿ ಹಿಡಿದು ನಿಂತಿದ್ದ. "ವಕೀಲ್ರ, ಅವರು ನನಗ ಅಣ್ಣ ಇದ್ದಂಗ ಅಂದಿದ್ರು. ಇದ್ದಂಗ ಅನ್ನೋದರ ಬರೀರಿ."

"ಇದ್ದಂಗ ಅನ್ನೋದು ಕಾಯಿದೆಯೊಳಗಿಲ್ಲ, ಮಜೀದ."

"ಕುದುರಿಗೆ ಹುಲ್ಲು ಸಹ ಹಾಕ್ಯಾರ್ರಿ ಅವರು, ತಮ್ಮ ಕೈಲೆ."

"ಮಗ ಹೋಗಬೇಕೋ ಬ್ಯಾಡೋ?"

ಮಜೀದ ಉರ್ದುವಿನಲ್ಲಿ ತನ್ನ ಹೆಸರು ಬರೆದ. ಅವನು ಆಯುಷ್ಯದಲ್ಲಿ ಬಹಳ ಜನರನ್ನು ಟಾಂಗಾ ಹತ್ತಿಸಿದ್ದ. ಯಾರನ್ನೂ ನೀವು ನನಗೆ ಯಾರೂ ಅಲ್ಲ ಎಂದು ಇಳಿಸಿರಲಿಲ್ಲ. ಅವತ್ತು ಸಂಜೆಯ ಗಾಡಿಗೆ ಅವನು ಟಾಂಗಾ ಕಟ್ಟಲಿಲ್ಲ.

ಮದ್ರಾಸಿನ ಕಿಟಕಿಯಲ್ಲಿ ಈ ಸಲ ಬೇರೆ ಮುಖ. ಆದರೆ ಹೋದ ವರ್ಷ ಬರೆದದ್ದು ಅವನ ಮುಂದಿತ್ತು. ಅವನು ಅದನ್ನೂ ಓದಿದ, ಪ್ರಮಾಣಪತ್ರವನ್ನೂ ಓದಿದ.

"ಹೋದ ಸಲ ಚಾಚಾ ಎಂದಿರಿ. ಈ ಸಲ ಅಲ್ಲ ಎನ್ನುತ್ತೀರಿ. ಯಾವುದು ಸುಳ್ಳು?"

"ಎರಡೂ ನಿಜ ಸರ್" ಎಂದ ಅಮೀರ್ ಅಲಿ.

ಅವನು ಬದುಕಿನಲ್ಲಿ ಅಷ್ಟು ಖರೆ ಮಾತು ಇನ್ನೊಂದು ಆಡಿರಲಿಕ್ಕಿಲ್ಲ. ಹಾಳೆಯ ಮೇಲೆ ಇನ್ನೊಂದು ಮುದ್ರೆ ಬಿತ್ತು. ಕೆಲವು ದಿನಗಳ ಮೇಲೆ ಯೂನಿವರ್ಸಿಟಿಯಿಂದ ವಿಷಾದದ ಕಾಗದ ಬಂತು, ಬಹಳ ಸಭ್ಯವಾಗಿ.

ಮುಂದಿನದನ್ನು ಲಂಬಿಸುವಂಥದ್ದೇನಿಲ್ಲ. ಅಮೀರ್ ಅಲಿ ಬಿ.ಎಡ್. ಮಾಡಿ ಮಳಖೇಡದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾದ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಕಂಡಕ್ಟರು "ಏನ್ರಿ ಫಾರಿನ್, ರಿಟರ್ನ್ ಕೊಡ್ಲೇನು" ಎನ್ನುತ್ತಿದ್ದ. ಮೊದಮೊದಲು ಮೈ ಉರಿಯುತ್ತಿತ್ತು, ಆಮೇಲೆ ಅದು ಬಸ್ಸಿನ ಹಾರ್ನಿನಷ್ಟೇ ಆಯಿತು. ಮಜೀದ ತೀರಿಕೊಂಡ. ಕಡೆಯ ತನಕ ಅವನು ಸಿರಾಜುದ್ದೀನ ಸಾಹೇಬರ ಮಾವನ ಮನೆಯ ಓಣಿಗೆ ಟಾಂಗಾ ತಿರುಗಿಸಲಿಲ್ಲ. ಸವಾರಿಯನ್ನು ಮೂಲೆಯಲ್ಲೇ ಇಳಿಸಿ, ಕುದುರೆಗೆ ಕಾಲು ನೋವು ಎನ್ನುತ್ತಿದ್ದ.

ಎಂಬತ್ತರ ದಶಕದ ಒಂದು ಚಳಿಗಾಲದಲ್ಲಿ ಅದೇ ದೊಡ್ಡ ದೇಶದ ಕಾಲೇಜು ಹುಡುಗ ಹುಡುಗಿಯರು ಒಂದು ಜೀಪಿನಲ್ಲಿ ಮಳಖೇಡದ ಕೋಟೆ ನೋಡಲು ಬಂದರು. ಹೆಡ್ಮಾಸ್ತರರು ಒಂದು ಕ್ಷಣವೂ ಯೋಚಿಸದೆ, "ನಮ್ಮಲ್ಲಿ ಫಾರಿನ್ ಮಾಸ್ತರರೇ ಅದಾರ" ಎಂದು ಅಮೀರ್ ಅಲಿಯನ್ನು ಮುಂದೆ ನೂಕಿದರು. ಅಮೀರ್ ಅಲಿ ಮಾಸ್ತರರು ಕೋಟೆ ತೋರಿಸಿದರು, ಕಾಗಿಣಾ ಹೊಳೆ ತೋರಿಸಿದರು, ಬುರುಜಿನ ಕಲ್ಲಿನ ಪದರು ತೋರಿಸಿದರು. ಲಿಂಡಾ ಎಂಬ ಹುಡುಗಿ ಎಲ್ಲಕ್ಕೂ ತಲೆಯಾಡಿಸಿ ಫೋಟೋ ತೆಗೆದಳು. ಕಲಿಯುವ ಹುಮ್ಮಸ್ಸಿನ, ಯಾರ ಕೇಡನ್ನೂ ಬಯಸದ ಹುಡುಗಿ.

ಅವರ ಸಾಮಾನು ಚಿತ್ತಾಪುರದ ಐಬಿ ಬಂಗಲೆಯಲ್ಲಿತ್ತು, ಸಂಜೆಯ ಗಾಡಿಗೆ ಹೈದರಾಬಾದಿಗೆ ಹೊರಡುವವರು. ಮಾಸ್ತರರು ಜೊತೆಯಲ್ಲೇ ಜೀಪಿನಲ್ಲಿ ಊರಿಗೆ ಬಂದರು. ದಾರಿಯಲ್ಲಿ ಕೇಳಿದರು, ವೀಸಾಕ್ಕೆ ತ್ರಾಸಾಯಿತೇ ಎಂದು.

"ಗೊತ್ತಿಲ್ಲ" ಎಂದಳು ಲಿಂಡಾ. "ಟಿಕೆಟ್ ಕೊಡುವ ಏಜೆಂಟರೇ ಮಾಡಿಸಿದರು. ಪರೀಕ್ಷೆ ಮುಗಿದಿತ್ತು, ಎಲ್ಲಿಗಾದರೂ ಹೋಗೋಣ ಅನ್ನಿಸಿತು."

"ಎಷ್ಟು ದಿನಕ್ಕೆ ಕೊಟ್ಟಿದ್ದಾರೆ?"

"ತಿಂಗಳುಗಟ್ಟಲೆ ಇರಬೇಕು. ನಾನು ನೋಡಿಲ್ಲ."

ನೋಡಿಲ್ಲ ಎಂಬ ಮಾತು ಮಾಸ್ತರರಿಗೆ ಎಲ್ಲೋ ನಾಟಿತು. ತಮ್ಮ ಎರಡು ಮುದ್ರೆಗಳ ಒಂದೊಂದು ಅಕ್ಷರವೂ ಅವರಿಗೆ ಬಾಯಿಪಾಠವಿತ್ತು.

ಮನೆಯಲ್ಲಿ ಚಹಾ ಆಯಿತು. ಮುದುಕಿ ರಶೀದಾಬೇಗಂ ಹುಡುಗಿಯ ಗಲ್ಲ ಮುಟ್ಟಿ, "ಎಷ್ಟು ದೂರ ಹೊಂಟದ ಕೂಸು, ಒಂದು ಇಮಾಮ್ ಜಾಮಿನ್ ಕಟ್ಟಲೇನು" ಎಂದು ಮಗನನ್ನು ಕೇಳಿದಳು.

"ಬ್ಯಾಡಮ್ಮಾ. ಅವರಿಗೆ ಜಾಮೀನು ಬೇಕಾಗಂಗಿಲ್ಲ."

ಆಮೇಲೆ ಟ್ರಂಕು ತೆಗೆದು ಏನೋ ಜೇಬಿಗೆ ಹಾಕಿಕೊಂಡರು.

ಪ್ಲಾಟ್‌ಫಾರ್ಮಿನಲ್ಲಿ ಪರದೇಶದವರನ್ನು ನೋಡಲು ಊರೇ ನೆರೆದಿತ್ತು. ಜಗದೇವಪ್ಪ ಕೋಲೂರಿ ಬಂದಿದ್ದ. ಹಾಜಿಸಾಬರನ್ನು ಇಬ್ಬರು ಹಿಡಿದು ತಂದು ಬೆಂಚಿನ ಮೇಲೆ ಕೂಡಿಸಿದ್ದರು. ಗಾಡಿಯ ಗಂಟೆ ಹೊಡೆದಾಗ ಮಾಸ್ತರರು ಲಿಂಡಾಳನ್ನು ಒಂದು ಪ್ರಶ್ನೆ ಕೇಳಿದರು. ಬಹಳ ವರ್ಷ ಒಳಗೇ ಕುಳಿತಿದ್ದ ಪ್ರಶ್ನೆ, ಗಾಜಿನ ಕಿಟಕಿಯ ಅದೇ ಮೆತ್ತಗಿನ ದನಿಯಲ್ಲಿ ಬಂತು.

"ನೀವು ನಿಮ್ಮ ದೇಶಕ್ಕೆ ತಿರುಗಿ ಹೋಗುತ್ತೀರಿ ಎನ್ನುವುದಕ್ಕೆ ಪುರಾವೆ ಏನು?"

ಹುಡುಗಿ ಚೇಷ್ಟೆ ಎಂದುಕೊಂಡು ನಕ್ಕಳು. ಸುತ್ತ ನೋಡಿದಳು: ಕಲ್ಲು ಚಪ್ಪಡಿಯ ಪ್ಲಾಟ್‌ಫಾರ್ಮು, ಟಾಂಗಾಗಳು, ಜನ. "ಇಲ್ಲಿ ಯಾಕೆ ಉಳಿಯಲಿ?" ಎಂದಳು, ಸಹಜವಾಗಿ, ಮತ್ತು ಗಾಡಿ ಹತ್ತಿ ಕೈ ಬೀಸಿದಳು.

"ಏನಂದಳೋ ಫಾರಿನ್?" ಎಂದ ಜಗದೇವಪ್ಪ.

"ಊರು ಭಾಳ ಚಂದ ಅದ ಅಂದಳು ಕಾಕಾ."

"ನಾ ಹೇಳಿದ್ನಿಲ್ಲೋ," ಎಂದರು ಹಾಜಿಸಾಬರು, ಯಾವಾಗ ಏನು ಹೇಳಿದ್ದರೋ.

ಗಾಡಿ ಹೋಯಿತು, ಜನ ಕರಗಿದರು. ಸ್ಟೇಷನ್ನಿನ ಬೇವಿನ ಕೆಳಗೆ ದಿನಾ ಕೂರುವ ಫಕೀರಸಾಬನ ತಟ್ಟೆಗೆ ಮಾಸ್ತರರು ಬಣ್ಣಗೆಟ್ಟ ಹಸಿರು ಗಂಟನ್ನು ಹಾಕಿದರು. ಮುದುಕ ಅದನ್ನು ಎತ್ತಿ ಮೂಸಿದ, ನುಸಿಗುಳಿಗೆಯ ವಾಸನೆ. ಗಂಟು ಬಿಗಿದುಹೋಗಿತ್ತು, ಹಲ್ಲಿನಿಂದ ಬಿಚ್ಚಬೇಕಾಯಿತು.

"ಇಮಾಮ್ ಜಾಮಿನ್ ಅದ. ಯಾರು ಹೊಂಟಿದ್ರು ಮಾಸ್ತರ್?"

"ನಾನೇ."

ಫಕೀರಸಾಬ ಅವರ ಕೈಯಲ್ಲಿ ಚೀಲವಿದೆಯೇ ಎಂದು ನೋಡಿದ. ಇರಲಿಲ್ಲ.

"ಮುಟ್ಟಿದ್ರಿ?"

"ಹೂಂ" ಎಂದರು ಮಾಸ್ತರರು. "ಮುಟ್ಟೀನಿ."