ನೋರೀನ್ ಬೇಡವೆಂದ ರವಿಕೆ ಕಣ

ಮಾಟ, ಮಂತ್ರ, ಶಾಸ್ತ್ರ ಎಂದರೆ ನನಗೆ ಮೊದಲಿನಿಂದಲೂ ತಾತ್ಸಾರ. ಯಾರಾದರೂ "ನಾನೇ ಕಣ್ಣಾರೆ ಕಂಡೆ" ಎಂದು ಶುರು ಮಾಡಿದರೆ ಸಾಕು, ಎದ್ದು ಹೋಗುತ್ತಿದ್ದೆ. ಈಗ ನಾನೇ ಹಾಗೆ ಶುರು ಮಾಡುತ್ತಿದ್ದೇನೆ. ಎದ್ದು ಹೋಗುವವರು ಧಾರಾಳವಾಗಿ ಹೋಗಬಹುದು, ನನಗೇನೂ ಬೇಜಾರಿಲ್ಲ.

ಡಾಟ್ ಕಾಮ್ ಕಂಪನಿಗಳು ನಾಯಿಕೊಡೆಗಳಂತೆ ಏಳುತ್ತಿದ್ದ ಕಾಲ. ಇಂಟರ್ನೆಟ್ಟಿನಲ್ಲಿ ಟೂತ್‌ಬ್ರಷ್ಷು ಮಾರಿ ಲೋಕ ಉದ್ಧಾರ ಮಾಡುತ್ತೇವೆಂದು ಹೊರಟಿದ್ದ ಒಂದು ಕಂಪನಿಯಲ್ಲಿ ನನ್ನ ಕೆಲಸ, ಸನ್ನಿವೇಲ್‌ನಲ್ಲಿ ಮನೆ. ನಮ್ಮ ಅಪಾರ್ಟ್‌ಮೆಂಟಿನ ಮ್ಯಾನೇಜರು ನೋರೀನ್ ಎಂಬ ಐರಿಷ್ ಹೆಂಗಸು. ಐರ್ಲೆಂಡಿನ ಯಾವುದೋ ಕುಗ್ರಾಮದವಳು, ಬಾಯಿ ಮಾತ್ರ ಬೊಂಬಾಯಿ. ನಮ್ಮ ಒಗ್ಗರಣೆಯ ಘಾಟಿಗೆ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಅವಳ ಆಫೀಸಿನ ಬಾಗಿಲ ಮೇಲೆ ಜೊಂಡಿನಲ್ಲಿ ಹೆಣೆದ ಶಿಲುಬೆಯೊಂದು ನೇತಾಡುತ್ತಿತ್ತು, ಕಟ್ಟಡಕ್ಕೆ ಬೆಂಕಿ ಬೀಳದಿರಲಿ ಎಂದು! ಕೆಟ್ಟು ಕೂತಿದ್ದ ಫೈರ್ ಅಲಾರಂ ಮಾತ್ರ ರಿಪೇರಿಯಾಗಿರಲಿಲ್ಲ.

ಆ ವರ್ಷ ಮಂಡ್ಯದಿಂದ ಬಂದಿದ್ದ ಅವ್ವನಿಗೆ ಸರ್ಪಸುತ್ತು ಎದ್ದಿತು. ಹಣೆಯಿಂದ ಎಡಗಣ್ಣಿನ ರೆಪ್ಪೆಯವರೆಗೆ ಬೊಬ್ಬೆ. ಡಾಕ್ಟರು ಮಾತ್ರೆ ಕೊಟ್ಟು, ಕಣ್ಣಿನೊಳಕ್ಕೆ ಇಳಿದರೆ ದೃಷ್ಟಿ ಹೋಗಬಹುದು ಎಂದಿದ್ದರು. ನನಗೆ ಜೀವ ಬಾಯಿಗೆ ಬಂದಿತ್ತು. ಅವ್ವನದು ಒಂದೇ ರಾಗ: "ಊರಲ್ಲಾಗಿದ್ರೆ ಕೆಮ್ಮಣ್ ಬಳ್ದು ಮಂತ್ರ ಹಾಕ್ಸವ್ರು ಕಣವ್ವ. ತಲೆ ಬಾಲ ಕೂಡ್ಕಂಡ್ರೆ ಮುಗೀತು." ಮಣ್ಣು ಮೆತ್ತಿ ವೈರಸ್ ಓಡಿಸುವ ಜಾಣರು! ನಾನು ಹಣೆ ಚಚ್ಚಿಕೊಂಡೆ.

ಮಾರನೆಯ ದಿನ ಪಾರ್ಕಿಂಗಿನ ತಕರಾರು ಹೊತ್ತು ಬಂದ ನೋರೀನ್, ಅವ್ವನ ಮುಖ ನೋಡಿ ನಿಂತಳು. ಈ ರೋಗ ವಾಸಿ ಮಾಡುವ ಶಕ್ತಿ ತನಗೆ ಅಪ್ಪನಿಂದ ಬಂದಿದೆ ಎಂದಳು. ಎರಡು ಬೆರಳ ತುದಿ ಕೂಡಿಸಿ, ಸುತ್ತಿಕೊಂಡು ಹೀಗೆ ಸೇರಿದರೆ ಸಾವು ಎಂದಳು. ಇಂಗ್ಲಿಷಿನ ಗಂಧವಿಲ್ಲದ ಅವ್ವ "ಅದೇಯಾ, ಅದೇಯಾ!" ಎಂದು ಎದ್ದು ಕೂತಳು. ಮೂಢರಿಗೆ ಭಾಷೆ ಬೇಕೇ? ನೋರೀನ್‌ಳದು ಒಂದೇ ಷರತ್ತು. ಏನನ್ನೂ ಕೊಡಕೂಡದು, ಥ್ಯಾಂಕ್ಸ್ ಕೂಡ ಹೇಳಕೂಡದು. ತಪ್ಪಿದರೆ ರೋಗ ವಾಸಿ ಮಾಡಿದವರ ಮೈಗೇ ತಿರುಗುತ್ತದಂತೆ. ಹೇಳುವ ಇರಾದೆ ನನಗೂ ಇರಲಿಲ್ಲ.

ನೋರೀನ್ ತನ್ನ ಮದುವೆಯ ಉಂಗುರ ತೆಗೆದು, ಬೊಬ್ಬೆಗಳಿಗೆ ತಾಗದಂತೆ ಸುತ್ತ ತಿರುಗಿಸುತ್ತಾ ಏನೋ ಗೊಣಗಿದಳು. ಹೊರಡುವಾಗ ಅವ್ವ ತಟ್ಟೆಯಲ್ಲಿ ಬಾಳೆಹಣ್ಣು, ರವಿಕೆ ಕಣ ಇಟ್ಟುಕೊಂಡು ಬಂದಳು. ನೋರೀನ್ ಕೆಂಡ ತುಳಿದವಳಂತೆ ಹಿಂದೆ ಹಾರಿದಳು. ನಾನು ಗದರಿದ ಮೇಲೆ ಅವ್ವ ತಟ್ಟೆ ಕೆಳಗಿಟ್ಟಳು. ಆದರೆ ನೋರೀನ್ ಹೋದ ಮೇಲೆ ನೋಡಿದರೆ ತಟ್ಟೆಯಲ್ಲಿದ್ದದ್ದು ಹಣ್ಣು ಮಾತ್ರ. ಕಣವನ್ನು ಮೆಲ್ಲಗೆ ಅವಳ ಕೋಟಿನ ಜೇಬಿಗೆ ತುರುಕಿದ್ದಳು ಮಹಾತಾಯಿ!

"ಹೆಣ್ಮಗಳ್ನ ಬರಿಗೈಲಿ ಕಳ್ಸಕ್ಕಾದದಾ?" ಎಂದು ನನ್ನನ್ನೇ ಕೇಳಿದಳು.

ಸಂಜೆಯ ಹೊತ್ತಿಗೆ ಅವ್ವನ ಉರಿ ನಿಂತಿತು. ಮಾತ್ರೆಯ ಗುಣ ಎಂದೆ. ಈಗಲೂ ಹಾಗೇ ಹೇಳುತ್ತೇನೆ.

ಎರಡು ದಿನ ಬಿಟ್ಟು ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ತೆಗೆದರೆ ನೋರೀನ್. ಹಣೆಯಿಂದ ಎಡರೆಪ್ಪೆಯವರೆಗೆ ಅದೇ ಬೊಬ್ಬೆ, ಕಣ್ಣು ಊದಿ ಮುಚ್ಚಿಕೊಂಡಿತ್ತು. ಕೈಯಲ್ಲಿ ನಮ್ಮ ಹಸಿರು ಕಣ, ಮಡಿಕೆ ಕೂಡ ಬಿಚ್ಚಿರಲಿಲ್ಲ. ಊರಿಗೆಲ್ಲ ಜೋರು ಮಾಡುತ್ತಿದ್ದ ಹೆಂಗಸು ಮಗುವಿನ ಹಾಗೆ ಅಳುತ್ತಾ, "ಪ್ಲೀಸ್, ಟೇಕ್ ಇಟ್ ಬ್ಯಾಕ್" ಎಂದಳು.

ಸರ್ಪಸುತ್ತು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಹೀಗೆ ಹಾರುವುದಿಲ್ಲ. ಆಮೇಲೆ ಕೇಳಿದ ಡಾಕ್ಟರುಗಳೆಲ್ಲ ಕಾಕತಾಳೀಯ ಎಂದರು. ಇರಬಹುದು, ಅವರೊಂದಿಗೆ ನನ್ನ ಜಗಳವಿಲ್ಲ. ಒಳಗೆ ಅವ್ವ ಎರಡೂ ಕಣ್ಣು ಬಿಟ್ಟುಕೊಂಡು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ನೋರೀನ್ ಕಣವನ್ನು ನನ್ನ ಕಡೆ ಚಾಚಿಕೊಂಡೇ ನಿಂತಿದ್ದಳು. ನನ್ನ ಲೆಕ್ಕದಲ್ಲಿ ಅದು ಬರೀ ಒಂದು ತುಂಡು ಬಟ್ಟೆ. ಇಸಿದುಕೊಂಡರೆ ಯಾರಿಗೂ ಏನೂ ಆಗುತ್ತಿರಲಿಲ್ಲ, ಅವಳಿಗೆ ಸಮಾಧಾನವಾದರೂ ಆಗುತ್ತಿತ್ತು.

ನಾನು ಬಾಗಿಲು ಹಾಕಿಕೊಂಡೆ.

ಅವಳಿಗೆ ಆ ಕಣ್ಣು ಮತ್ತೆ ಕಾಣಲಿಲ್ಲವೆಂದು ಹೊಸ ಮ್ಯಾನೇಜರು ಹೇಳಿದ. ಇಷ್ಟು ವರ್ಷವಾಯಿತು. ಏನನ್ನೂ ನಂಬದ ನಾನು ಆವತ್ತು ಯಾಕೆ ಕೈ ಚಾಚಲಿಲ್ಲವೋ, ನನಗಿನ್ನೂ ಗೊತ್ತಾಗಿಲ್ಲ.