ನೀರು ಅಲ್ಲಾಡುವ ಕಂಪ್ಯೂಟರು

ಕಳೆದ ಶನಿವಾರ ಕಂಪ್ಯೂಟರ್ ಅಂಗಡಿಯಲ್ಲಿ ನಿಂತು ನಾನೊಂದು ಸುಳ್ಳು ಹೇಳಿದೆ. ಅದೂ ಅತ್ತೆಯ ಎದುರಿಗೆ!

ಅಂಗಡಿಯವರು ಕೇಳಿದ್ದು ಬಹಳ ಸಾದಾ ಪ್ರಶ್ನೆ. "ಯಾದಕ್ಕ ಬೇಕ್ರೀ ಮೇಡಂ, ಕಂಪ್ಯೂಟರ್?"

"ಆಫೀಸ್ ಕೆಲಸಕ್ರೀ. ಮತ್ತ ನಮ್ಮವರು ಸಾಲಿ ಮಾಸ್ತರ್ ಅದಾರ, ಪ್ರಶ್ನೆಪತ್ರಿಕೆ ಟೈಪ್ ಮಾಡ್ಲಾಕ" ಅಂದುಬಿಟ್ಟೆ. ನಾಲಿಗೆ ಒಂಚೂರೂ ತಡವರಿಸಲಿಲ್ಲ.

ನಿಜ ಹೇಳಲೇ? ನನಗೆ ಬೇಕಾಗಿದ್ದು ಆಟ ಆಡಲು. ಕಾರ್ ರೇಸಿಂಗ್ ಆಟ. (ನಗಬೇಡಿ. ನನಗೆ ಮೂವತ್ತಾರು ವರ್ಷ ಎಂಬುದು ನನಗೂ ನೆನಪಿದೆ.)

ಐವಾನ್-ಎ-ಶಾಹಿ ಬಡಾವಣೆಯ ಕಡೆಯಿರುವ ನಮ್ಮ ಆಫೀಸಿನ ಕಂಪ್ಯೂಟರಿಗೆ ಯಾರೋ ಆ ಆಟ ಹಾಕಿದ್ದರು. ಊಟದ ಬಿಡುವಿನಲ್ಲಿ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈ ಕೀಬೋರ್ಡಿನ ಮೇಲೆ. ನನಗೆ ಸ್ಕೂಟಿ ಕೂಡ ಓಡಿಸಲು ಬರುವುದಿಲ್ಲ. ಆದರೆ ಆ ಆಟದಲ್ಲಿ ಸಮುದ್ರದ ದಂಡೆಗುಂಟ ಹೋಗುವ ಒಂದು ರಸ್ತೆಯಿದೆ. ಗೆಲ್ಲುವ ಹುಕಿ ನನಗಿಲ್ಲ. ಉಳಿದ ಕಾರುಗಳನ್ನೆಲ್ಲ ಮುಂದೆ ಬಿಟ್ಟು ನಾನೊಬ್ಬಳೇ ನಿಧಾನಕ್ಕೆ ಹೋಗುತ್ತೇನೆ. ಎಡಕ್ಕೆ ಗುಡ್ಡ, ಬಲಕ್ಕೆ ನೀರು. ಕಲಬುರಗಿಯ ಮೇ ತಿಂಗಳಲ್ಲಿ, ಫ್ಯಾನು ಬಿಸಿಗಾಳಿ ಕಾರುವ ಕೋಣೆಯಲ್ಲಿ, ಮುಖಕ್ಕೆ ತಣ್ಣನೆ ಗಾಳಿ ಬಡಿದಂತೆ ಅನಿಸುತ್ತದೆ. ಅರ್ಧ ಗಂಟೆ ನಾನು ಯಾರ ಕೈಗೂ ಸಿಗುವುದಿಲ್ಲ.

ಒಂದೇ ಕೊರತೆ. ಆಫೀಸಿನ ಕಂಪ್ಯೂಟರಿನಲ್ಲಿ ಆ ಸಮುದ್ರ ಬರೀ ಬೂದು ಬಣ್ಣದ ಪಟ್ಟಿ. ಅಲೆಯಿಲ್ಲ, ಹೊಳಪಿಲ್ಲ, ಸಿಮೆಂಟ್ ಬಳಿದ ಹಾಗಿದೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದರೆ ಆಟದಲ್ಲಿನ ನೀರು ಅಲ್ಲಾಡುತ್ತದೆ ಎಂದು ಒಂದು ಮ್ಯಾಗಜಿನ್ನಿನಲ್ಲಿ ಓದಿದೆ. ಅಂದಿನಿಂದ ಬದನೆಕಾಯಿ ಹೆಚ್ಚುವಾಗಲೂ ಅದೇ ಧ್ಯಾನ.

ಕೈಯಲ್ಲಿದ್ದದ್ದು ಚೀಟಿ ಎತ್ತಿದ ಇಪ್ಪತ್ತೆರಡು ಸಾವಿರ. ಡೈರಿಯ ಕೊನೆಯ ಪುಟದಲ್ಲಿ ಲಿಸ್ಟ್ ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಪ್ರೊಸೆಸರ್ ಒಂದು ಮೆಟ್ಟಿಲು ಕೆಳಗಿನದು ಸಾಕು. ಮಾನಿಟರ್ ಸೆಕೆಂಡ್ ಹ್ಯಾಂಡ್ ಆದರೂ ನಡೆದೀತು. ಸ್ಪೀಕರ್ ಬೇಡವೇ ಬೇಡ (ಸಮುದ್ರದ ಸದ್ದು ನಾನೇ ಊಹಿಸಿಕೊಂಡೇನು). ಕಾರ್ಡ್ ಮಾತ್ರ ಬಿಡುವ ಹಾಗಿಲ್ಲ. ಇಷ್ಟೆಲ್ಲ ಲೆಕ್ಕ ಹಾಕಿ ಹೋದವಳು ಅಂಗಡಿಯವರ ಎದುರಿಗೆ ಹೇಳಿದ್ದೇನು? ಆಫೀಸ್ ಕೆಲಸ!

ಅವರು ಅದಕ್ಕೆ ತಕ್ಕಂತೆ ಕೊಟೇಶನ್ ಬರೆದರು. ಕಾರ್ಡ್ ಇಲ್ಲ. ಅದರ ಜಾಗದಲ್ಲಿ ಪ್ರಿಂಟರ್.

"ಅಲ್ರೀ, ಗ್ರಾಫಿಕ್ಸ್ ಕಾರ್ಡ್..." ಎಂದು ರಾಗ ಎಳೆದೆ.

"ಟೈಪಿಂಗಿಗಿ ಅದು ಫಾಲತು ಖರ್ಚ್ ಮೇಡಂ. ಅದೇ ರೊಕ್ಕದಾಗ ಪ್ರಿಂಟರ್ ಬರ್ತದ್ ನೋಡ್ರಿ."

ಅವರ ಮಾತಿನಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಸಂಸಾರಸ್ಥ ಹೆಣ್ಣುಮಗಳು ಆಟಕ್ಕೆ ದುಡ್ಡು ಸುರಿಯುತ್ತಾಳೆ ಎಂದು ಬಾಯಿಬಿಟ್ಟು ಹೇಳಲು ನಾಚಿಕೆ. ಅಡ್ವಾನ್ಸ್ ಕೊಡಲು ಪರ್ಸ್ ತೆಗೆದೆ.

ಅತ್ತೆಯ ಬಗ್ಗೆ ಹೇಳಲಿಲ್ಲ ಅಲ್ಲವೇ? ಅವರು ಪಕ್ಕದ ಕಮಲಾಪುರದವರು. ಬಾಳೆ ತೋಟಗಳಲ್ಲಿ ಕೂಲಿ ಮಾಡಿ ನನ್ನ ಗಂಡನನ್ನು ಓದಿಸಿದವರು. ಕಣ್ಣು ತೋರಿಸಲು ಗುರುವಾರ ಬಸ್ಸು ಹತ್ತಿ ಗಾಜಿಪುರ ಬಡಾವಣೆಯ ನಮ್ಮ ಮನೆಗೆ ಬಂದಿದ್ದರು. ಎರಡು ದಿನ ರೊಟ್ಟಿ ಬಡಿಯುತ್ತ ನಾನು ಅವರಿಗೆ ಆ ರಸ್ತೆಯ ಕತೆಯನ್ನೆಲ್ಲ ಹೇಳಿದ್ದೆ. ಅವರು ಹೂಂಗುಟ್ಟಿದ್ದರು, ಅಷ್ಟೇ. ಶನಿವಾರ ಕಣ್ಣಿಗೆ ಹೊಸ ಚಾಳೀಸು ಹಾಕಿಸಿಕೊಂಡು, ಶರಣಬಸವೇಶ್ವರರಿಗೆ ಕೈಮುಗಿದು, ನನ್ನ ಜೊತೆ ಈ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತಿದ್ದರು.

ಗಿರಾಕಿಗಳಿಗೆ ತೋರಿಸಲೆಂದು ಅಲ್ಲೊಂದು ಕಂಪ್ಯೂಟರಿನಲ್ಲಿ ಯಾವುದೋ ಆಟ ತಾನೇ ಓಡುತ್ತಿತ್ತು. ಅದರಲ್ಲಿ ನೀಲಿ ನೀರು. ಅತ್ತೆ ಕಣ್ಣು ಕೀಳದೆ ನೋಡುತ್ತಿದ್ದರು.

"ಈ ನೀರ್ ಹಿಂಗ ಅಲ್ಲಾಡ್ತದಲ್ಲ, ಹೆಂಗರೀ?" ಅಂದರು.

"ಒಳಗ ಕಾರ್ಡ್ ಅದ ಅಮ್ಮಾ. ಅದಿಲ್ದಿದ್ರ ಅಲ್ಲಾಡಲ್ಲ."

ಅತ್ತೆ ನನ್ನ ಕಡೆ ತಿರುಗಿದರು. ಕೈಯಲ್ಲಿನ ಪರ್ಸನ್ನೂ ನೋಡಿದರು.

"ಅಕಿ ಹೇಳಲ್ರಿ, ನಾ ಹೇಳ್ತೀನಿ. ನಮ್ ಸೊಸಿಗಿ ಆಟ ಆಡ್ಲಾಕ ಬೇಕಾಗ್ಯಾದ. ಆ ನೀರಿನ ಕಾರ್ಡ್ ಹಾಕ್ರಿ."

ಭೂಮಿ ಬಾಯ್ಬಿಡಬಾರದೇ ಅನಿಸಿತು. ಅಂಗಡಿಯವರು ಜೋರಾಗಿ ನಕ್ಕರು. "ಮೊದಲೇ ಹೇಳ್ಬಾರ್ದೇನ್ರೀ ಮೇಡಂ? ನಾನೂ ಆಡ್ತೀನ್ರೀ!" ಎಂದು ಕೊಟೇಶನ್ ಹರಿದು ಹೊಸದು ಬರೆದರು. ಪ್ರಿಂಟರ್ ಹೋಯಿತು, ಕಾರ್ಡ್ ಬಂತು.

"ಅತ್ತಿ, ಅವರ ಪ್ರಶ್ನೆಪತ್ರಿಕೆರೀ?" ಎಂದೆ ಮೆಲ್ಲಗೆ.

"ಕೈಲೇ ಬರೀಲಿ. ಕೈ ಚಲೋ ಅದಾವಲ್ಲ ಅವನವು!"

ಭಾನುವಾರ ಮಧ್ಯಾಹ್ನ ಕಂಪ್ಯೂಟರ್ ಮನೆಗೆ ಬಂತು. ಪುಣ್ಯಕ್ಕೆ ಕರೆಂಟೂ ಇತ್ತು. ಅತ್ತೆ ಪಕ್ಕದಲ್ಲಿ ಕುಳಿತರು. ಗುಡ್ಡದ ತಿರುವು ದಾಟಿದ್ದೇ ತಡ, ಬಲಕ್ಕೆ ಸಮುದ್ರ ತೆರೆದುಕೊಂಡಿತು. ಬಿಸಿಲು ಬಿದ್ದ ನೀರು, ದಂಡೆಯ ತನಕ ಬಂದು ಹಿಂದೆ ಸರಿಯುವ ಅಲೆ.

"ಇಲ್ಲೇ ನಿಂದ್ರಸವ್ವಾ" ಅಂದರು ಅತ್ತೆ.

ನಿಲ್ಲಿಸಿದೆ. ಹಿಂದಿನ ಕಾರುಗಳೆಲ್ಲ ಭರ್ರನೆ ದಾಟಿ ಹೋದವು. ನಾವಿಬ್ಬರೂ ರಸ್ತೆ ಬದಿಗೆ ಕಾರು ಹಚ್ಚಿ ಎಷ್ಟೋ ಹೊತ್ತು ಸಮುದ್ರ ನೋಡುತ್ತ ಕುಳಿತೆವು. ಇಬ್ಬರೂ ಖರೇ ಸಮುದ್ರ ಕಂಡವರಲ್ಲ.

ಆ ಗುಂಗಿನಲ್ಲೇ ಕೇಳಿದೆ. "ಅತ್ತಿ, ನನ್ನ ವಯಸ್ಸಿನಾಗ ನಿಮಗ ಏನ್ ಬೇಕನಸ್ತಿತ್ರಿ?"

ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಯಾರ್ ಕೇಳಿದ್ರವ್ವಾ? ನೀನೇ ಮೊದಲ."

ಮಾತ್ರೆ ತಗೊಂಡಿರಾ, ಊಟ ಆಯಿತಾ, ಕಣ್ಣು ಹೇಗಿದೆ ಎಂದು ಹಿರಿಯರನ್ನು ದಿನಾ ಕೇಳುವ ನಮಗೆ, ನಿಮಗೇನು ಆಸೆಯಿದೆ ಎಂದು ಒಮ್ಮೆ ಕೇಳಲು ಏನು ಧಾಡಿ?