ಹದಿನೈದನೆಯ ಮೆಟ್ಟಿಲು

ಡಿಸೆಂಬರ್ ತಿಂಗಳ ಎರಡನೆಯ ಶನಿವಾರ, ಬೆಳಗ್ಗೆ ಹತ್ತೂಕಾಲು ಗಂಟೆ. ಸ್ಥಳ, ಕೆನ್ಮೋರ್ ಎಂಬ ಪರದೇಶದ ಊರಿನ ನಮ್ಮ ಮನೆಯ ಗ್ಯಾರೇಜು. ಹಾಜರಿದ್ದವರು ಮೂವರು: ನಾನು, ನಮ್ಮ ಯಜಮಾನರು, ಮಗಳು ಮಾನಸ. ಕೆಲವು ವರ್ಷಗಳ ಹಿಂದಿನ ಮಾತು.

ದೆವ್ವ, ಶಕುನ, ಒಳಗಿನ ದನಿ ಇವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಮೂವತ್ತೆರಡು ವರ್ಷ ನರ್ಸ್ ಆಗಿ ದುಡಿದವಳು ನಾನು, ಮೊದಲು ಮೈಸೂರಿನಲ್ಲಿ, ಆಮೇಲೆ ಇಲ್ಲಿ. ಹೆಚ್ಚಿನ ವರ್ಷ ಆಪರೇಷನ್ ಥಿಯೇಟರಿನಲ್ಲೇ ಕಳೆದೆ. ಅಲ್ಲಿ ಹೊಟ್ಟೆ ಹೊಲಿಯುವ ಮುಂಚೆ ಬಳಸಿದ ಹತ್ತಿಬಟ್ಟೆಗಳನ್ನು ಎಣಿಸಬೇಕು. ಒಂದು ಕಡಿಮೆ ಬಂದರೂ ಹೊಲಿಯುವಂತಿಲ್ಲ. ಹಾಗೆ ಎಣಿಸಿ ಬದುಕಿದ ನನ್ನ ಬಳಿ ಯಾರಾದರೂ ವಿಚಿತ್ರ ಅನುಭವ ಹೇಳಿಕೊಂಡರೆ, ‘ರಾತ್ರಿ ಏನು ಊಟ ಮಾಡಿದ್ದಿರಿ?’ ಎಂದು ಕೇಳುವುದು ನನ್ನ ಅಭ್ಯಾಸವಾಗಿತ್ತು. ಆ ಶನಿವಾರದಿಂದ ಕೇಳುವುದನ್ನು ಬಿಟ್ಟಿದ್ದೇನೆ.

ನಾವು ಮಾಲ್ಟಾಕ್ಕೆ ಹೋಗಬೇಕೆಂದಿದ್ದೆವು. ಮೆಡಿಟರೇನಿಯನ್ ಸಮುದ್ರದ ಆ ಪುಟ್ಟ ದ್ವೀಪದಲ್ಲಿ ಜನವರಿಯ ಐದು ರಾತ್ರಿ. ಯೋಜನೆ ಶುರುವಾದದ್ದೇ ಯಜಮಾನರಿಂದ. ಅವರಿಗೆ ಗ್ಲಾಕೋಮಾ. ಎದುರಿಗಿರುವುದು ಕಾಣುತ್ತಿತ್ತು, ದೃಷ್ಟಿಯ ಕೆಳಗಿನ ಅರ್ಧ ಹೋಗಿತ್ತು. ತಟ್ಟೆಯಲ್ಲಿರುವ ಪಲ್ಯ ಕಾಣದು, ದೂರದ ಬೆಟ್ಟ ಕಾಣುವುದು. ಉಳಿದದ್ದು ಎಷ್ಟು ದಿನ ಎಂದು ಕೇಳಿದಾಗ ಡಾಕ್ಟರು, ನೋಡಬೇಕಾದದ್ದನ್ನು ಮುಂದಕ್ಕೆ ಹಾಕಬೇಡಿ ಎಂದಷ್ಟೇ ಹೇಳಿದರು. ಮನೆಗೆ ಬರುವಾಗ ಕಾರಿನಲ್ಲಿ ಇವರು, ‘ನನಗ ಒಮ್ಮೆ ಖರೇ ನೀಲಿ ಸಮುದ್ರ ನೋಡಬೇಕು. ಇಲ್ಲೀದು ಬೂದಿ ಕಲಿಸಿಟ್ಟಂಗ ಅದ’ ಎಂದರು. ಧಾರವಾಡದವರು. ಮೂವತ್ತು ವರ್ಷ ಇಲ್ಲಿದ್ದರೂ ಆ ಮಾತು ಬಿಟ್ಟಿಲ್ಲ.

ಅಂದಿನಿಂದ ಮನೆಯಲ್ಲಿ ಒಂದೇ ಸಂಭ್ರಮ. ಬೆಳಗ್ಗೆ ಐದೂವರೆಗೆ ಕಾಫಿ, ಆರಕ್ಕೆ ಮಾಲ್ಟಾ. ಬಸ್ಸಿನ ವೇಳೆ ಬರೆದುಕೊಂಡೆ, ಕಿತ್ತಳೆಯ ಕಾಲವೇ ಎಂದು ವಿಚಾರಿಸಿದೆ, ಎರಡು ಪೆಟ್ಟಿಗೆ ತೂಗಿ ನೋಡಿದೆ, ಅವಲಕ್ಕಿಯನ್ನೂ ಚಟ್ನಿಪುಡಿಯನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿದೆ. ಹೊರಗೆ ಹನಿ ಮಳೆ, ಮೂರೂವರೆಗೇ ಕವಿಯುವ ಮಬ್ಬು. ಒಳಗೆ ನಾವಿಬ್ಬರೂ ಪ್ರವಾಸಕ್ಕೆ ಹೊರಟ ಶಾಲೆ ಮಕ್ಕಳ ಹಾಗಿದ್ದೆವು.

ಅಡ್ಡಿಯೆಂದರೆ ಮೆಟ್ಟಿಲು. ಅಲ್ಲಿ ತಂಗಲು ನಮಗೆ ಹಿಡಿಸಿದ ಬಾಡಿಗೆ ಮನೆಯ ಕಿಟಕಿಯಿಂದ ಬಂದರು ಪೂರ್ತಿ ಕಾಣುತ್ತಿತ್ತು, ಆದರೆ ಬೀದಿಯಿಂದ ಅದರ ಬಾಗಿಲಿಗೆ ಹತ್ತಿ ಹೋಗಬೇಕು. ಬೇರೆ ಮನೆಗಳು ಸಮುದ್ರಕ್ಕೆ ಬೆನ್ನು ಹಾಕಿದ್ದವು. ಹತ್ತಿರದ ಊರು ಮಿಲ್ ಕ್ರೀಕ್‌ನಲ್ಲಿರುವ ಮಗಳು ನಾನು ಕಳಿಸಿದ ಅದರ ಚಿತ್ರ ನೋಡಿದವಳೇ ಫೋನ್ ಮಾಡಿದಳು. ‘ಅಮ್ಮಾ, ನೋ ವೇ. ಅಪ್ಪಂಗೆ ಮನೆ ಮೆಟ್ಲೇ ಕಾಣಲ್ಲ. ಅಲ್ಲಿ ಬಿದ್ದು ಸೊಂಟ ಮುರ್ಕೊಂಡ್ರೆ ಏನ್ ಮಾಡ್ತೀಯಾ?’

ಅವಳ ಭಯ ಸುಳ್ಳಲ್ಲ. ಆದರೆ ಇವರು ಕಾಣದ ಮೆಟ್ಟಿಲನ್ನು ಎಣಿಸಿ ಹತ್ತುವುದನ್ನು ಕಲಿತಿದ್ದರು. ಲೆಕ್ಕ ಮೊದಲೇ ಗೊತ್ತಿದ್ದರೆ ತಪ್ಪುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಚಿತ್ರ ದೊಡ್ಡದು ಮಾಡಿ ಎಣಿಸಿದೆ. ಹದಿನಾಲ್ಕು. ಮೂರು ಸಲ ಎಣಿಸಿದೆ, ಮೂರೂ ಸಲ ಹದಿನಾಲ್ಕು. ಕೊನೆಗೆ ಒಪ್ಪಂದವಾಯಿತು: ಶನಿವಾರ ತಾಲೀಮು. ಮಗಳ ಎದುರಿಗೆ ಮೂರು ಸಲ ತಪ್ಪದೆ ನಡೆದರೆ ಅಂದೇ ಟಿಕೆಟ್, ಇಲ್ಲವಾದರೆ ಮಾಲ್ಟಾದ ಮಾತು ಎತ್ತುವಂತಿಲ್ಲ. ಇವರು ಸುಲಭವಾಗಿ ಒಪ್ಪಿಬಿಟ್ಟರು.

ಕಾರನ್ನು ಹೊರಗಿಟ್ಟು ಗ್ಯಾರೇಜಿನ ನೆಲದ ಮೇಲೆ ಚಾಕ್‌ಪೀಸಿನಿಂದ ಹದಿನಾಲ್ಕು ಗೆರೆ ಎಳೆದೆ. ತುದಿಯಲ್ಲಿ ಬಾಗಿಲೆಂದು ಕಾಲೊರಸು ಹಾಕಿದೆ. ಗೆರೆಗೊಂದು ಸಲ ಕಾಲೆತ್ತಿ ಇಡಬೇಕು, ಕಾಲೊರಸು ಬಂದಾಗ ನಿಲ್ಲಬೇಕು. ಸುತ್ತ ಬೇರೇನೂ ಇರಲಿಲ್ಲ. ಎಡಕ್ಕೂ ಬಲಕ್ಕೂ ಖಾಲಿ ನೆಲ.

ಇವರು ಹೆಗಲಿಗೆ ಚೀಲ ಹಾಕಿಕೊಂಡು ಹೊರಟರು. ಹದಿನಾಲ್ಕರವರೆಗೆ ಚೆನ್ನಾಗಿಯೇ ಹೋಯಿತು. ಆಮೇಲೆ ಕಾಲೊರಸಿನ ಮುಂದೆ ನಿಂತು, ಇನ್ನೊಂದು ಸಲ ಕಾಲೆತ್ತಿ, ಗಿಡ್ಡ ಹೆಜ್ಜೆಯೊಂದನ್ನು ಇಟ್ಟರು.

‘ರೀ, ಹದಿನಾಲ್ಕೇ ಇರೋದು’ ಎಂದೆ.

‘ಇಲ್ಲೊಂದು ಸಣ್ಣದು ಅದಲ್ಲ, ಅರ್ಧಾ ಸವದದ್ದು.’

‘ಅಪ್ಪಾ, ಅದು ಗ್ಯಾರೇಜ್ ಫ್ಲೋರು’ ಎಂದಳು ಮಾನಸ.

ತಾಲೀಮನ್ನು ಮೊದಲಿನಿಂದ ಶುರು ಮಾಡಿಸಿದೆ. ಎರಡನೆಯ ಸಲವೂ ಹದಿನೈದು ಹೆಜ್ಜೆ. ಆಗ ಇನ್ನೊಂದನ್ನೂ ಗಮನಿಸಿದೆ. ಅವರ ಬಲಗೈ ಏನನ್ನೋ ಹಿಡಿದುಕೊಂಡಂತೆ ಮಡಚಿ ಗಾಳಿಯಲ್ಲಿ ಜಾರುತ್ತಾ ಬರುತ್ತಿತ್ತು. ತುದಿಗೆ ಬಂದವರು ಅಂಗೈಯನ್ನು ಪ್ಯಾಂಟಿಗೆ ಉಜ್ಜಿಕೊಂಡರು.

‘ಏನಾಯ್ತು ಕೈಗೆ?’

‘ಕಂಬಿಗೆ ಹೊಸಾ ಬಣ್ಣ ಹಚ್ಚ್ಯಾರ. ಅಂಟ್ತದ’ ಎಂದರು, ಅಂಗಡಿಯಲ್ಲಿ ಹಾಲು ಮುಗಿದಿದೆ ಎಂದು ಹೇಳುವಷ್ಟೇ ಸಹಜವಾಗಿ. ಕೈ ನೋಡಿದೆ. ಸ್ವಚ್ಛವಾಗಿತ್ತು.

ಮಾನಸ ನನ್ನನ್ನು ಪಕ್ಕಕ್ಕೆ ಕರೆದಳು. ಅವಳ ಕಣ್ಣಲ್ಲಿ ನೀರಿತ್ತು. ‘ನೋಡಿದ್ಯಾ? ಫೋರ್ಟೀನ್ ಅಂತ ಹೇಳಿದ್ರೂ ತಲೇಲಿ ನಿಲ್ತಿಲ್ಲ. ಬೇಡಮ್ಮ, ಬಿಟ್ಬಿಡು.’ ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಕಣ್ಣಿನ ಜೊತೆ ಬುದ್ಧಿಯೂ ಹೋಗುತ್ತಿದೆಯೇ ಎಂಬ ಭಯ ಆಗ ಮೊದಲ ಬಾರಿಗೆ ಬಂತು.

ಇವರಿಗೆ ಕಿವಿ ಚುರುಕು. ಅಲ್ಲಿಂದಲೇ ನಕ್ಕರು. ‘ನನ್ನ ತಲಿ ಛಲೋ ಅದ. ತಪ್ಪಿದ್ದು ನಿಮ್ಮವ್ವನ ಲೆಕ್ಕ. ಏನ್ರಿ ಮೇಟ್ರನ್ ಬಾಯಿ, ರಿಟೈರ್ ಆದ ಮ್ಯಾಲೆ ಎಣಿಸೋದು ಮರ್ತೀರೇನು?’

ಬೇರೆ ಯಾವ ಮಾತನ್ನಾದರೂ ಸಹಿಸುತ್ತಿದ್ದೆ. ನನ್ನ ಎಣಿಕೆ ತಪ್ಪೆಂದು ಆವರೆಗೆ ಯಾವ ಸರ್ಜನ್ನೂ ಹೇಳಿರಲಿಲ್ಲ. ಅವರ ತಪ್ಪನ್ನು ತೋರಿಸಿಯೇ ಬಿಡೋಣ ಎಂದು ನನ್ನ ಫೋನಿನಿಂದ ಆ ಮನೆಯ ಒಡತಿಗೆ ಕರೆ ಮಾಡಿದೆ. ಆಗ ಅಲ್ಲಿ ರಾತ್ರಿ ಎಂಟು ಗಂಟೆ ಸಮಯ. ಅದುವರೆಗೆ ನಮ್ಮಲ್ಲಿ ಯಾರೂ ಆಕೆಯೊಂದಿಗೆ ಮಾತಾಡಿರಲಿಲ್ಲ. ಮೂವರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ.

ಒಡತಿ ವಯಸ್ಸಾದ ಹೆಂಗಸು, ನಿಧಾನವಾದ ಇಂಗ್ಲಿಷು. ನಾನು ಕೇಳಿದ್ದು ಒಂದೇ ಪ್ರಶ್ನೆ: ಬೀದಿಯಿಂದ ನಿಮ್ಮ ಬಾಗಿಲಿಗೆ ಎಷ್ಟು ಮೆಟ್ಟಿಲು? ಆಕೆ ಹೇಳಿದಳು: ಹದಿನೈದು. ಚಿತ್ರದಲ್ಲಿ ಹದಿನಾಲ್ಕೇ ಕಾಣುತ್ತವೆ, ಕೊನೆಯದರ ಮುಂದೆ ನನ್ನ ಹೂಕುಂಡ ಇದೆ. ಅದು ಬಹಳ ಹಳೆಯದು, ಅರ್ಧಕ್ಕೆ ಸವೆದುಹೋಗಿದೆ, ಬಂದವರೆಲ್ಲ ಅಲ್ಲೇ ಎಡವುತ್ತಾರೆ. ನಿಮ್ಮಲ್ಲಿ ಹಿರಿಯರಿದ್ದಾರೆಯೇ? ಹೆದರಬೇಡಿ, ನನ್ನ ಮಂಡಿನೋವಿಗೆಂದು ಈ ವಾರವಷ್ಟೇ ಬಲಗಡೆ ಕಬ್ಬಿಣದ ಕಂಬಿ ಹಾಕಿಸಿದೆ. ಇವತ್ತು ಮಧ್ಯಾಹ್ನ ಬಣ್ಣ ಬಳಿದಿದ್ದಾರೆ, ಇನ್ನೂ ಹಸಿ. ನೀವು ಬರುವಷ್ಟರಲ್ಲಿ ಒಣಗಿರುತ್ತದೆ.

ಮಾನಸ ಅಪ್ಪನ ಅಂಗೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು, ಮೂಸಿದಳು. ಮೈ ಜುಮ್ಮೆಂದಿತು ಎಂದು ಬರೆಯಬೇಕು, ಆದರೆ ನಿಜ ಹೇಳುತ್ತೇನೆ, ನನಗೆ ಆದದ್ದು ಕುಣಿಯುವಷ್ಟು ಖುಷಿ. ಇವರ ಬುದ್ಧಿಗೆ ಏನೂ ಆಗಿರಲಿಲ್ಲ.

ನಿಮಗೇನು ಗೊತ್ತಾಯಿತು, ಹೇಗೆ ಗೊತ್ತಾಯಿತು ಎಂದು ಎಷ್ಟು ಪೀಡಿಸಿದರೂ, ‘ಮೆಟ್ಲ ಇತ್ತು, ಇಟ್ಟೆ. ಕಂಬಿ ಇತ್ತು, ಹಿಡದೆ’ ಎಂದಷ್ಟೇ ಹೇಳಿದರು. ಈಗಲೂ ಅಷ್ಟೇ ಹೇಳುತ್ತಾರೆ. ಒಂದು ಹೆಚ್ಚಿನ ಮೆಟ್ಟಿಲನ್ನು ಯಾರು ಬೇಕಾದರೂ ಊಹಿಸಬಹುದು. ಕಂಬಿಯನ್ನೂ ಊಹಿಸಬಹುದು ಎನ್ನೋಣ. ಅಂದಿನ ಹಸಿ ಬಣ್ಣವನ್ನು? ಮನೆಯ ಚಿತ್ರಗಳನ್ನು ಮತ್ತೆ ಮತ್ತೆ ತೆಗೆದು ನೋಡಿದ್ದೇನೆ. ಕಂಬಿ ಇರುವ ಚಿತ್ರ ಒಂದೂ ಸಿಕ್ಕಿಲ್ಲ. ಓದುವ ನಿಮಗೆ ಏನಾದರೂ ತೋಚಿದರೆ ಒಳ್ಳೆಯದು. ನನಗೆ ತೋಚಿಲ್ಲ.

ಅಂದು ಹನ್ನೊಂದೂವರೆಗೆ ಹದಿನೈದನೆಯ ಗೆರೆ ಎಳೆದೆ. ಮೂರು ಸಲ ನಡೆದರು, ಒಂದೂ ತಪ್ಪಲಿಲ್ಲ. ಊಟದ ನಂತರ ಮಾನಸಳೇ ಲ್ಯಾಪ್‌ಟಾಪ್ ತೆರೆದು ಎರಡು ಟಿಕೆಟ್ ಮಾಡಿದಳು, ಆಮೇಲೆ ‘ನಂಗೂ ಒಂದ್ ಮಾಡ್ಕೊಳ್ಲಾ?’ ಎಂದು ಕೇಳಿದಳು. ಮೂರಾದವು.

ರಾತ್ರಿ ಎಂಟಕ್ಕೆ ಇವರ ಕಣ್ಣಿಗೆ ಔಷಧಿಯ ಹನಿ ಹಾಕಿದೆ. ಹಾಕಿದ ಮೇಲೆ ಐದು ನಿಮಿಷ ಕಣ್ಣು ಮುಚ್ಚಿಕೊಂಡಿರಬೇಕು. ಮಲಗಿದ್ದಲ್ಲೇ, ‘ಜನವರಿ ತನಕಾ ಎಷ್ಟ ದಿನಾ ಆತು?’ ಎಂದರು. ‘ಮಾತಾಡ್ಬೇಡಿ, ಹನಿ ಹೊರಗೆ ಬರತ್ತೆ’ ಎಂದೆ. ಗಡಿಯಾರ ನೋಡುತ್ತಾ ಐದು ನಿಮಿಷ ಪಕ್ಕದಲ್ಲಿ ಕುಳಿತು, ಸೀಸೆಯ ಮುಚ್ಚಳ ತಿರುಗಿಸಿ ಫ್ರಿಜ್ಜಿನಲ್ಲಿಟ್ಟೆ.